ಬೀಗಿತ್ತಿ ಮತ್ತು ಕುಂಬಳದ ಫಾಂಡ್ಯೂ

ಮಗಳ ಮದುವೆಯಾದಾಗಿನಿಂದ ನನ್ನ ಬೀಗಿತ್ತಿ ನಮ್ಮ ಮನೆಯಲ್ಲಿ ಕಾಫಿ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ನಿಟ್ಟೂರಿನಿಂದ ತುಮಕೂರಿಗೆ ಬರುವಾಗ ಊಟ ಮುಗಿಸಿಯೇ ಬರುತ್ತಿದ್ದರು. ಜಗಳವಿದ್ದಿದ್ದರೆ ಆಡಿ ಮುಗಿಸಬಹುದಿತ್ತು. ಇದು ಬರೀ ಸಂಕೋಚ, ಬರೀ ಮರ್ಯಾದೆ. ಆ ಮರ್ಯಾದೆ ಕಂಡರೆ ನನಗೆ ಮೈ ಉರಿಯುತ್ತಿತ್ತು. ಈ ಸಲ ಏನಾದರಾಗಲಿ, ತಿನ್ನಿಸಿಯೇ ಕಳಿಸುವುದು ಎಂದು ಹಟ ಹಿಡಿದೆ.

ಡಿಸೆಂಬರ್ ಚಳಿಗೆ ಫಾಂಡ್ಯೂ ಮಾಡೋಣವೆಂದು ಮಗಳೇ ಹೇಳಿದ್ದು. ಒಂದು ಪಾತ್ರೆ ಕರಗಿದ ಚೀಸು; ಸುತ್ತ ಕೂತವರು ಬ್ರೆಡ್ ಚೂರನ್ನು ಕಡ್ಡಿಗೆ ಚುಚ್ಚಿ, ಅದ್ದಿ ತಿನ್ನುವುದು. ಬರೀ ಚೀಸು ಹಿರಿಯರಿಗೆ ಒಗ್ಗದೆಂದು ಸಿಹಿಗುಂಬಳ ಬೇಯಿಸಿ ಸೇರಿಸುವ ಬುದ್ಧಿ ಮಾತ್ರ ನನ್ನದು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಕತ್ತಿ ಹಾಕಬಾರದಲ್ಲ, ಯಜಮಾನರನ್ನು ಟಿವಿ ಮುಂದಿನಿಂದ ಎಬ್ಬಿಸಿ ಕರೆತಂದೆ. ಒಂದು ಏಟು ಹಾಕಿ, ಅಡುಗೆಯೆಲ್ಲ ತಾವೇ ಮಾಡಿದವರಂತೆ ಕೈ ತೊಳೆದು ಹೋದರು.

ಹಾಲು, ಬೆಳ್ಳುಳ್ಳಿ, ಮೆಣಸಿನ ಪುಡಿ, ಕುಂಬಳ, ಚೀಸು ಕೂಡಿ ಒಳ್ಳೆ ಹಳದಿ ಬಣ್ಣ ಬಂತು. ಪಾತ್ರೆಯನ್ನು ಇಂಡಕ್ಷನ್ ಒಲೆಯ ಸಮೇತ ಟೇಬಲ್ ಮೇಲಿಟ್ಟು, ಬೀಗಿತ್ತಿಯನ್ನೂ ಎಲ್ಲರ ಜೊತೆ ಸುತ್ತ ಕೂರಿಸಿದೆ. ಅಳಿಯಂದಿರು ಒಂದು ಚೂರು ತಿಂದು, ಬಾಯಿಂದ ತೆಗೆದ ಅದೇ ಕಡ್ಡಿಗೆ ಇನ್ನೊಂದು ಚೂರು ಚುಚ್ಚಿ ಪಾತ್ರೆಗೆ ತಂದರು. ಆಗ ನನಗೆ ಹೊಳೆಯಿತು. ಎಂಜಲು! ನಮ್ಮಲ್ಲಿ ಏನೂ ತಿನ್ನದವರಿಗೆ ನಾನು ಎಂಜಲಾಗುವ ತಿಂಡಿಯನ್ನೇ ಹುಡುಕಿ ಮಾಡಿದ್ದೆ.

ಅಳಿಯಂದಿರ ಕಡ್ಡಿ ಕಿತ್ತುಕೊಂಡು, ಪಾತ್ರೆ ಎತ್ತಿ, ಎಲ್ಲರಿಗೂ ಬೇರೆ ಬೇರೆ ಸ್ಟೀಲ್ ಬಟ್ಟಲಿಗೆ ಸುರಿದೆ. ಚಳಿಗೆ ಚೀಸು ಅಲ್ಲೇ ಬಿಗಿಯಿತು. ಯಜಮಾನರು ಕಡ್ಡಿ ಎತ್ತಿದರೆ ಬಟ್ಟಲೂ ಜೊತೆಗೇ ಎದ್ದಿತು. ಯಾರೂ ನಗಲಿಲ್ಲ. ಬೀಗಿತ್ತಿ ಇನ್ನೇನು ಕಾಫಿ ಸಾಕು ಎನ್ನುತ್ತಾರೆಂದು ನನಗೆ ಅಳುವೇ ಬಂತು.

ಅವರು ನನ್ನ ಮುಖ ನೋಡಿದರು. ತಮ್ಮ ಬಟ್ಟಲಿನದನ್ನು ಚಮಚದಲ್ಲಿ ಕೆರೆದು ಪಾತ್ರೆಗೆ ಹಾಕಿದರು. “ಎಲ್ಲಾರ್ದೂ ಇದಕ್ಕೇ ಹಾಕಿ ಬಿಸಿ ಮಾಡಿ ಬೀಗ್ರೆ. ನಮ್ನಮ್ಮಲ್ಲಿ ಎಂಜ್ಲೇನ್ ಬಂತು?”

ಮತ್ತೆ ಬಿಸಿಯಾಗಿ ಗುಳುಗುಳು ಎನ್ನುವಾಗ ನಾನು ಅರ್ಧ ಕಚ್ಚಿ ಮತ್ತೆ ಅದ್ದಿದ ಬ್ರೆಡ್ ಚೂರು ಕಡ್ಡಿಯಿಂದ ಜಾರಿ ಚೀಸಿನಲ್ಲಿ ಮುಳುಗಿತು. ಬೀಗಿತ್ತಿ ತಮ್ಮ ಕಡ್ಡಿಯಲ್ಲಿ ಹುಡುಕಿ ಅದನ್ನು ಚುಚ್ಚಿದರು. ನನಗೇ ಕೊಡುತ್ತಾರೆಂದು ತಟ್ಟೆ ಚಾಚಿದೆ. ಅವರು ಅದನ್ನು ತಮ್ಮ ಬಾಯಿಗೆ ಹಾಕಿಕೊಂಡು, ಉಪ್ಪು ಸ್ವಲ್ಪ ಕಮ್ಮಿ ಎಂದರು.