ತುಟಿ ನೋಡಿ ಬರೆದ ಮೆಸೇಜು

ದೆವ್ವ, ಗಾಳಿ, ಶಕುನ, ಸೂಚನೆ, ಇವು ಯಾವುದನ್ನೂ ನಾನು ನಂಬಿದವಳಲ್ಲ. ಬೆಕ್ಕು ಅಡ್ಡ ಬಂದರೆ ಪಾಪ ಅದಕ್ಕೂ ಏನೋ ಕೆಲಸವಿರಬೇಕು ಎನ್ನುವ ಪೈಕಿ. ಆಫೀಸಿನಲ್ಲಿ ಯಾರಾದರೂ ಸತ್ತವರು ಬಂದು ಬಾಗಿಲು ತಟ್ಟಿದ ಕಥೆ ಶುರು ಮಾಡಿದರೆ, ಟಿಫನ್ ಬಾಕ್ಸ್ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಇದನ್ನು ಓದುತ್ತಾ ನೀವೂ ಹಾಗೆ ಎದ್ದು ಹೋದರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅದರ ಅರ್ಥವನ್ನು ಮಾತ್ರ ನನ್ನನ್ನು ಕೇಳಬೇಡಿ.

ನಮ್ಮಪ್ಪನದು ಗುಬ್ಬಿಯಲ್ಲಿ ಹಿಟ್ಟಿನ ಮಿಲ್ಲು. ಮುಂದೆ ಮಿಷನ್ನು, ಹಿಂದೆ ಮನೆ. ಉಪ್ಪಿಟ್ಟಿನಲ್ಲೂ ಒಂದಿಷ್ಟು ರಾಗಿ ಹಿಟ್ಟಿನ ವಾಸನೆ. ನಾನು ದೊಡ್ಡವಳು. ನನಗಿಂತ ತುಂಬಾ ಚಿಕ್ಕವಳಾದ ತಂಗಿ ಭಾಗ್ಯಳಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ನೆಂಟರು ಬಂದು ಅಯ್ಯೋ ಪಾಪ ಅಂದಾಗಲೆಲ್ಲ ಅಪ್ಪನಿಗೆ ಸಿಟ್ಟು ಬರುತ್ತಿತ್ತು. "ಮಿಷನ್ ಓಡ್ವಾಗ ಎಲ್ಲಾರೂ ಕಿವುಡ್ರೇ ಕಣ್ರಯ್ಯ, ನನ್ ಮಗ್ಳೊಬ್ಳೇ ಅಲ್ಲ" ಅನ್ನುತ್ತಿದ್ದರು.

ಅದು ಸುಳ್ಳೂ ಆಗಿರಲಿಲ್ಲ. ಮಿಲ್ಲು ಓಡುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲರೂ ಬಾಯಿ ಆಡಿಸಿ, ಕೈ ಬೀಸಿ, ಸೋತು ಸುಮ್ಮನಾಗುವವರೇ. ಭಾಗ್ಯ ಮಾತ್ರ ಬಾಗಿಲ ಹತ್ತಿರ ನಿಂತವರ ತುಟಿ ನೋಡಿಯೇ ರೊಟ್ಟಿಗೋ ಮುದ್ದೆಗೋ, ನುಣ್ಣಗೋ ತರಿಯಾಗೋ ಎಂದು ತಿಳಿದುಕೊಂಡು ಅಪ್ಪನಿಗೆ ಸನ್ನೆ ಮಾಡುತ್ತಿದ್ದಳು. ಆ ಸದ್ದಿನಲ್ಲೇ ವಯಸ್ಸು ಕಳೆದ ಅಪ್ಪನ ಕಿವಿಯೂ ಅರ್ಧ ಹೋಗಿತ್ತು. ಫೋನು ಕೊಟ್ಟರೆ "ಆಂ? ಆಂ?" ಎಂದು ಕೂಗಿ ಅಮ್ಮನ ಕೈಗೆ ಕೊಟ್ಟುಬಿಡುತ್ತಿದ್ದರು.

ನಾನು ಮದುವೆಯಾಗಿ ಕುಣಿಗಲ್ಲಿಗೆ ಬಂದೆ. ಅಲ್ಲಿಯೇ ಒಂದು ಸೊಸೈಟಿಯಲ್ಲಿ ಕೆಲಸವೂ ಸಿಕ್ಕಿತು. ಅಲ್ಲಿಗೆ ನನಗೂ ಭಾಗ್ಯಳಿಗೂ ಮಾತು ನಿಂತುಹೋಯಿತು. ಎದುರಿಗಿದ್ದರೆ ದಿನವಿಡೀ ಸನ್ನೆಯಲ್ಲಿ ಹರಟುತ್ತಿದ್ದವರು ನಾವು. ಫೋನಿನಲ್ಲಿ ಏನು ಮಾಡುವುದು? "ಭಾಗ್ಯ ಇಲ್ಲೇ ಕೂತವ್ಳೆ, ನಗ್ತಾ ಅವ್ಳೆ" ಎಂದು ಅಮ್ಮ ಹೇಳುತ್ತಿದ್ದಳು. ಅಷ್ಟೇ ನನಗೆ ಸಿಗುತ್ತಿದ್ದ ಸುದ್ದಿ.

ಆ ಕಾಲದಲ್ಲಿ ಟಚ್ ಫೋನು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಅಡ್ಡಕ್ಕೆ ತಳ್ಳಿದರೆ ಒಳಗಿನಿಂದ ಪೂರ್ತಿ ಕೀಬೋರ್ಡು ಹೊರಗೆ ಬರುವ ಫೋನುಗಳು ಬಂದಿದ್ದವು. ದುಬಾರಿಯವು ಸಾಹೇಬರ ಕೈಯಲ್ಲಿರುತ್ತಿದ್ದವು. ಅದೇ ಥರದ ಅಗ್ಗದ ಒಂದು ಫೋನು ತುಮಕೂರಿನ ಅಂಗಡಿಗೆ ಬಂದಿದೆ ಎಂದು ಕೇಳಿ ಭಾಗ್ಯಳನ್ನು ಕರೆದುಕೊಂಡು ಹೋದೆ. ಅಂಗಡಿಯವನು ಅದರ ಸ್ಪೀಕರ್ ಹೊಗಳಿದ್ದೇ ಹೊಗಳಿದ್ದು. ಇಡೀ ಬಸ್‌ಸ್ಟ್ಯಾಂಡಿಗೆ ಹಾಡು ಕೇಳುತ್ತದೆ ಎಂದು ಜೋರಾಗಿ ಹಾಕಿಯೂ ತೋರಿಸಿದ. ಭಾಗ್ಯ ಅತ್ತ ನೋಡಲೂ ಇಲ್ಲ. ಹೆಬ್ಬೆರಳಿನಿಂದ ತಳ್ಳಿದಳು, ಟಕ್ ಎಂದು ತೆರೆಯಿತು. ಮುಚ್ಚಿದಳು, ಮತ್ತೆ ತೆರೆದಳು. ಬಸ್ಸು ಹತ್ತುವವರೆಗೂ ಅದೇ ಆಟ.

ಅವತ್ತು ರಾತ್ರಿಯೇ ನನಗೆ ಮೊದಲ ಮೆಸೇಜು ಬಂತು. ತಂಗಿ ನನ್ನೊಡನೆ ದೂರದಿಂದ ಆಡಿದ ಮೊದಲ ಮಾತು ಅದು. ಆ ಸಂತೋಷವನ್ನು ಈಗಲೂ ಬರೆಯಲಾರೆ.

ಆ ಫೋನಿನಲ್ಲಿ ಕನ್ನಡ ಇರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆಯಬೇಕು. ಕಿವುಡ ಮಕ್ಕಳ ಶಾಲೆಯಲ್ಲಿ ಕಲಿತಿದ್ದ ಭಾಗ್ಯ ಪೆನ್ನು ಹಿಡಿದು ಕನ್ನಡ ಬರೆದರೆ ತಪ್ಪಿಲ್ಲದೆ ಬರೆಯುತ್ತಿದ್ದಳು. ಇಲ್ಲಿ ಮಾತ್ರ ಯಾರೂ ತಿದ್ದಿಸಿದವರಿಲ್ಲ, ತುಟಿಯಲ್ಲಿ ಕಂಡ ಹಾಗೆ ಬರೆದಳು. ಪ, ಬ, ಮ ಮೂರಕ್ಕೂ ತುಟಿ ಕೂಡಿಕೊಳ್ಳುವುದು ಒಂದೇ ಥರ. ಹಾಗಾಗಿ ಅವಳಿಗೆ ಎಲ್ಲವೂ ಮಕಾರವೇ. ಬಾ ಅನ್ನಲು ಮಾ, ಬಸ್ಸಿಗೆ ಮಸ್ಸು. ನನ್ನ ಪಾಪು ಮಾಮು ಆಯಿತು. ಅಪ್ಪನೂ ಅಮ್ಮ, ಅಮ್ಮನೂ ಅಮ್ಮ. ಮುಂದಿನ ಮಾತು ನೋಡಿ ಯಾರೆಂದು ನಾವೇ ತಿಳಿದುಕೊಳ್ಳಬೇಕಿತ್ತು. ಒಂದು ಸಲ "ಅಮ್ಮ ಮೀಡಿ ಸೇದಿ ಕೆಮ್ಮುತ್ತೆ" ಎಂದು ಬಂದಾಗ ನಾನು ಊರಿಗೆ ಫೋನು ಮಾಡಿ ಓದಿ ಹೇಳಿದೆ. "ನಾನ್ಯಾವಾಗ ಬೀಡಿ ಸೇದ್ದೆ?" ಎಂದು ಅಮ್ಮ ರೇಗಿದಳು. ಊರಿಗೆ ಹೋದಾಗ ತಿದ್ದಲು ನೋಡಿದೆ. ಭಾಗ್ಯ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಸದ್ದಿಲ್ಲದೆ ಅಪ್ಪ ಅನ್ನು, ಅಮ್ಮ ಅನ್ನು ಎಂದು ಸನ್ನೆ ಮಾಡಿದಳು. ಅಂದೆ. ಎಲ್ಲಿದೆ ವ್ಯತ್ಯಾಸ ಎಂಬಂತೆ ಕೈ ತಿರುಗಿಸಿ ನಕ್ಕಳು. ನಾನು ತಿದ್ದುವುದನ್ನು ಬಿಟ್ಟುಬಿಟ್ಟೆ.

ಹಿಟ್ಟು ಎಲ್ಲಿಗೆ ತಾನೇ ನುಗ್ಗುವುದಿಲ್ಲ? ಫೋನಿನ ಜಾರುವ ಸಂದಿಗೂ ನುಗ್ಗಿತು. ಒಂದು ದಿನ ಕೀಲಿಗಳೆಲ್ಲ ಸತ್ತು ಕೂತವು. ತುಮಕೂರಿನ ರಿಪೇರಿ ಕೌಂಟರಿಗೆ ಹೋದರೆ ಅದೇ ಫೋನು ಹಿಡಿದವರ ದಂಡೇ ನಿಂತಿತ್ತು. ಒಬ್ಬರದು ಅರ್ಧಕ್ಕೆ ಜಾರಿ ನಿಂತಿದೆ. ಬ್ಯಾಟರಿ ತೆಗೆದು ಹಾಕಿದರೆ ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ ಎಂದು ಇನ್ನೊಬ್ಬರ ಗೋಳು. ಒಬ್ಬ ಯಜಮಾನರ ಫೋನು ಜೇಬಿನಲ್ಲಿ ತಾನಾಗಿಯೇ ತೆರೆದುಕೊಂಡು ಬೀಗರಿಗೆ ಫೋನು ಮಾಡುತ್ತಿತ್ತಂತೆ, ಬೀಗರನ್ನು ಬೈಯುತ್ತಿದ್ದ ಹೊತ್ತಿಗೇ ಮಾಡಿತ್ತಂತೆ. ಕೌಂಟರಿನವನು ಕೀಬೋರ್ಡಿಗೆ ಸೇರುವ ಒಳಗಿನ ಸ್ಟ್ರಿಪ್ಪು ಬದಲಿಸಿ, "ಜಾಸ್ತಿ ತೆಗ್ದು ಮುಚ್ಚಿ ಮಾಡ್ಬೇಡಿ ಮೇಡಂ" ಎಂದ. ಅವನ ತುಟಿ ನೋಡುತ್ತಿದ್ದ ಭಾಗ್ಯಳ ಮುಖ ಸಣ್ಣದಾಯಿತು. ಬಾಯಿ ಜಾಸ್ತಿ ತೆಗೆಯಬೇಡ ಎಂದು ಹೇಳಿದ ಹಾಗಾಗಿತ್ತು ಅವಳಿಗೆ.

ಆ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಮಾಮೂಲಿ ಜ್ವರ ಅಂದುಕೊಂಡೆವು. ತುಮಕೂರಿನ ಆಸ್ಪತ್ರೆಗೆ ಸೇರಿಸಿದ ಮೇಲೆ ನಾನೂ ಹೋಗಿ ಒಂದೆರಡು ದಿನ ಇದ್ದು, ಚೇತರಿಸಿಕೊಂಡಳು ಎಂದ ಮೇಲೆ ಮಗುವಿಗಾಗಿ ಕುಣಿಗಲ್ಲಿಗೆ ವಾಪಸ್ಸು ಬಂದೆ. ಮಾರನೆಯ ದಿನವೇ ಹೋಗಿಬಿಟ್ಟಳು. ಫೋನು ಅವಳ ದಿಂಬಿನ ಕೆಳಗಿತ್ತು. ಆ ದಿನ ನನಗೆ ಅವಳಿಂದ ಯಾವ ಮೆಸೇಜೂ ಬರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಅಪ್ಪ ಆ ಫೋನನ್ನು ಮಿಲ್ಲಿನ ಗೋಡೆಯ ಗೂಡಿನಲ್ಲಿ, ದೇವರ ಪಟದ ಪಕ್ಕ ಇಟ್ಟುಕೊಂಡರು. ಚಾರ್ಜಿಗೆ ಹಾಕಿಯೇ ಇರುತ್ತಿತ್ತು. ಸಿಮ್ಮಿಗೆ ಕರೆನ್ಸಿಯನ್ನೂ ಹಾಕಿಸುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ "ಅದಾದ್ರೂ ಇರ್ಲಿ ಬುಡವ್ವ" ಎಂದರು. ಅಪ್ಪನಿಗೆ ಇಂಗ್ಲಿಷ್ ಅಕ್ಷರ ಒಂದೂ ಬಾರದು. ಮಿಷನ್ನು ನಿಂತಾಗ ಸುಮ್ಮನೆ ಅದನ್ನು ತೆರೆಯುವುದು, ಮುಚ್ಚುವುದು. ಟಕ್, ಟಕ್. ಮಗಳು ಒಮ್ಮೆಯೂ ಕೇಳಿರದ ಆ ಸದ್ದನ್ನು ಅರ್ಧ ಕಿವಿಯ ಅಪ್ಪ ಕೇಳುತ್ತಾ ಕೂರುತ್ತಿದ್ದರು. ಹೀಗೆ ತೆರೆದೂ ಮುಚ್ಚಿಯೂ ಸ್ಟ್ರಿಪ್ಪು ಮತ್ತೆ ಹೋಯಿತು. ತುಮಕೂರಿಗೆ ತೆಗೆದುಕೊಂಡು ಹೋದೆ. ಈ ಮಾಡೆಲ್ಲಿನ ಸಾಮಾನೇ ಈಗ ಬರುತ್ತಿಲ್ಲ, ಮುಂದಿನ ನಾಲ್ಕು ಬಟನ್ ಕೆಲಸ ಮಾಡುತ್ತವೆ, ಒಳಗಿನ ಕೀಬೋರ್ಡು ಸತ್ತಂತೆಯೇ, ನೆನಪಿಗೆ ಇಟ್ಟುಕೊಳ್ಳಿ ಎಂದು ಕೌಂಟರಿನವನು ವಾಪಸ್ಸು ಕೊಟ್ಟ.

ಅವರೆಕಾಯಿ ಕಾಲ ಬಂತು. ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹಿಟ್ಟಿನ ಧೂಳು ಕಣ್ಣಿಗೆ ಆಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ತುಮಕೂರಿನಲ್ಲಿ ಮಾವನ ಮನೆಯಲ್ಲೇ, ಅಂದರೆ ಅವಳ ತಮ್ಮನ ಮನೆಯಲ್ಲೇ ಉಳಿದುಕೊಂಡಳು. ಗುಬ್ಬಿಯಲ್ಲಿ ಅಪ್ಪ ಒಬ್ಬರೇ.

ಒಂದು ಶನಿವಾರ, ಅರ್ಧ ದಿನದ ಕೆಲಸ ಮುಗಿಸಿ ಮನೆಗೆ ಬಂದು ಊಟಕ್ಕೆ ಕೂತಿದ್ದೆ. ಕರೆಂಟು ಇರಲಿಲ್ಲ. ಫೋನು ಸದ್ದು ಮಾಡಿತು. ಪಕ್ಕದಲ್ಲಿದ್ದ ನಮ್ಮೆಜಮಾನರು ಎತ್ತಿ ನೋಡಿ ನನ್ನ ಕೈಗೆ ಕೊಟ್ಟರು. ಭಾಗ್ಯಳ ಹೆಸರಿತ್ತು. ಕೆಳಗೆ ಮೂರೇ ಮಾತು. ಅಕ್ಕ ಮಾ ಅಮ್ಮ.

ಅಪ್ಪ ಏನೋ ಒತ್ತಿರಬೇಕು ಎಂದರು ನಮ್ಮೆಜಮಾನರು. ಕೀಬೋರ್ಡು ಸತ್ತಿದೆಯಲ್ಲ ಎಂದೆ. ಅಪ್ಪನಿಗೆ ಫೋನು ಮಾಡಿದರೆ ರಿಂಗಾಗಿ ನಿಂತಿತು. ಅವರು ಎತ್ತುವುದೇ ಅಪರೂಪ, ಅದರಲ್ಲಿ ಹೊಸತೇನಿಲ್ಲ. ಮಾವನ ಫೋನು ಆಫ್ ಆಗಿತ್ತು. ನನ್ನ ತಲೆಯಲ್ಲಿ ಇದ್ದದ್ದು ಅಮ್ಮನ ಕಣ್ಣು. ಆಪರೇಷನ್ ಆದವಳು ಅಮ್ಮ, ನಂಜಾಗಿರಬಹುದು, ಬಿದ್ದಿರಬಹುದು. ಅಮ್ಮ ಎಂದು ಬರೆದಿದ್ದನ್ನು ಅಮ್ಮ ಎಂದೇ ಓದಿಕೊಂಡು ತುಮಕೂರಿನ ಬಸ್ಸು ಹತ್ತಿದೆ. ಹೆಬ್ಬೂರು ದಾಟಿತು, ಗೂಳೂರು ದಾಟಿತು. ಯಾರು ಕಳಿಸಿದರು ಎಂಬ ಯೋಚನೆ ಮತ್ತೆ ಬರಲಿಲ್ಲ. ತಂಗಿ ಕರೆದಿದ್ದಾಳೆ, ಹೋಗಬೇಕು, ಅಷ್ಟೇ. ನಂಬಿಕೆ, ಅಪನಂಬಿಕೆ ಎಲ್ಲ ಪುರುಸೊತ್ತಿದ್ದಾಗಿನ ಮಾತು ಎಂದು ನನಗೆ ಗೊತ್ತಾದದ್ದು ಆ ಬಸ್ಸಿನಲ್ಲಿ.

ಹೋಗಿ ನೋಡಿದರೆ ಅಮ್ಮ ಜಗಲಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಹೆಜ್ಜೆ ಸದ್ದಿಗೇ ಗುರುತು ಹಿಡಿದು, "ಏನೇ, ಇಷ್ಟೊತ್ನಲ್ಲಿ ಬಂದೆ?" ಎಂದಳು. ಸುಮ್ಮನೆ ಬಂದೆ ಎಂದು ಪಕ್ಕದಲ್ಲಿ ಕೂತೆ. ಮಾವನ ಫೋನಿಗೆ ಚಾರ್ಜ್ ಇರಲಿಲ್ಲವಂತೆ, ಅಲ್ಲಿಯೂ ಬೆಳಗಿನಿಂದ ಕರೆಂಟು ಇರಲಿಲ್ಲ. ಅತ್ತೆ ಕಾಫಿ ಕೊಟ್ಟರು. ಇನ್ನೊಮ್ಮೆ ಅಪ್ಪನಿಗೆ ಫೋನು ಮಾಡಿದೆ, ಎತ್ತಲಿಲ್ಲ. ನಾಳೆ ಭಾನುವಾರ, ಬೆಳಿಗ್ಗೆ ಗುಬ್ಬಿಗೂ ಹೋಗಿ ನೋಡಿಕೊಂಡು ಬರೋಣ ಎಂದುಕೊಂಡು ನಾನೂ ಅವರೆಕಾಯಿ ಸುಲಿಯತೊಡಗಿದೆ. ಮನಸ್ಸು ಹಗುರಾಗಿತ್ತು. ಎಷ್ಟೋ ದಿನಗಳ ಮೇಲೆ ಅಮ್ಮನೂ ನಾನೂ ಭಾಗ್ಯಳ ಬಗ್ಗೆ ಅಳದೆ ಮಾತಾಡಿದೆವು. ಬೀಡಿಯ ಕಥೆ ನೆನೆದು ನಕ್ಕೆವು.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ಸ್ವಲ್ಪ ಹೊತ್ತಿನಲ್ಲೇ ನನಗೆ ಫೋನು. ಗುಬ್ಬಿಯ ಮಿಲ್ಲಿನ ಎದುರು ಟೀ ಅಂಗಡಿ ಇಟ್ಟಿರುವ ಶಿವಣ್ಣ.

"ಅಕ್ಕ, ಅಪ್ಪಾವ್ರು ಹೋಗ್ಬುಟ್ರು ಕಣಕ್ಕ."

ಅಮ್ಮನ ಕೈ ನನ್ನ ಕೈಯಲ್ಲಿತ್ತು. ನಾನು ಹೇಳುವ ಮೊದಲೇ ಅವಳಿಗೆ ತಿಳಿಯಿತು.

ಕರೆಂಟು ಇಲ್ಲದಿದ್ದರೆ ಮಿಲ್ಲಿಗೆ ಯಾರೂ ಬರುವುದಿಲ್ಲ. ಹಾಗಾಗಿ ಅಪ್ಪ ಬಿದ್ದದ್ದನ್ನು ಯಾರೂ ನೋಡಿರಲಿಲ್ಲ. ಕರೆಂಟು ಬಂದ ಮೇಲೆ ರಾಗಿ ತಂದ ಒಬ್ಬ ಹೆಂಗಸು ನೋಡಿ ಕೂಗಿಕೊಂಡಳಂತೆ. ಮಧ್ಯಾಹ್ನವೇ ಲಕ್ವ ಹೊಡೆದು ಮೈಯ ಒಂದು ಭಾಗ ಬಿದ್ದುಹೋಗಿರಬೇಕು, ಸಂಜೆವರೆಗೂ ಜೀವ ಇತ್ತು ಎಂದರು ಡಾಕ್ಟರು. ಮಾತು ಬರುತ್ತಿತ್ತಾ ಎಂದೆ. ಮಾತು ಮೊದಲೇ ಹೋಗಿರುತ್ತದೆ ಎಂದರು.

ಹೆಣ ಒಳಗೆ ಮಲಗಿಸಿದ ಮೇಲೆ ನಾನು ಗೂಡಿನ ಹತ್ತಿರ ಹೋದೆ. ಫೋನು ಅದರ ಜಾಗದಲ್ಲೇ ಇತ್ತು, ಚಾರ್ಜರಿನ ವೈರು ಸಿಕ್ಕಿಸಿಕೊಂಡೇ ಇತ್ತು. ಆದರೆ ತೆರೆದುಕೊಂಡಿತ್ತು. ಕೀಲಿಗಳ ಮೇಲೆಲ್ಲ ತೆಳ್ಳಗೆ ಹಿಟ್ಟು ಕೂತಿತ್ತು. ಅದರ ಮೇಲೆ ಒಂದು ಬೆರಳ ಗುರುತೂ ಇರಲಿಲ್ಲ. ಮುಂದಿನ ಬಟನ್ ಒತ್ತಿ ಕಳಿಸಿದ ಮೆಸೇಜುಗಳನ್ನು ತೆರೆದೆ. ಎಲ್ಲಕ್ಕಿಂತ ಮೇಲೆ ಇದ್ದದ್ದು ಅಕ್ಕ ಮಾ ಅಮ್ಮ. ತಾರೀಖು ನೋಡಿದರೆ ಆ ಫೋನು ಹುಟ್ಟುವುದಕ್ಕೂ ಹಿಂದಿನ ಯಾವುದೋ ವರ್ಷ, ಬ್ಯಾಟರಿ ತೆಗೆದಾಗ ಆಗುವ ಅದೇ ತಪ್ಪು.

ತಿಥಿ ಮುಗಿದ ಮೇಲೆ ರಿಪೇರಿ ಕೌಂಟರಿನವನನ್ನೇ ಹೋಗಿ ಕೇಳಿದೆ. ನೆಟ್‌ವರ್ಕ್ ಇಲ್ಲದೆ ಒಳಗೇ ಸಿಕ್ಕಿಕೊಂಡ ಮೆಸೇಜು ಆಮೇಲೆ ಯಾವಾಗಲೋ ಹೋಗುವುದುಂಟು, ಹೊಸ ವರ್ಷದ ಶುಭಾಶಯ ಸಂಕ್ರಾಂತಿಗೆ ತಲುಪಿತು ಎಂದು ಬಂದು ಜಗಳವಾಡಿದವರಿದ್ದಾರೆ ಎಂದ. ಇಷ್ಟು ತಿಂಗಳಾದ ಮೇಲೂ ಹೋಗುತ್ತದಾ ಎಂದೆ. ಸ್ವಲ್ಪ ಹೊತ್ತು ಫೋನು ತಿರುಗಿಸಿ ನೋಡಿ, "ಗೊತ್ತಿಲ್ಲ ಮೇಡಂ" ಎಂದು ವಾಪಸ್ಸು ಕೊಟ್ಟ.

ಅವನು ಹೇಳಿದ್ದು ನಿಜವಾದರೆ ಆ ಮೆಸೇಜು ಭಾಗ್ಯಳದೇ. ಆಸ್ಪತ್ರೆಯಲ್ಲಿ ದಿಂಬಿನ ಮೇಲೆ ಫೋನಿಟ್ಟುಕೊಂಡು, ಕೊನೆಯ ದಿನ, ಅಕ್ಕ ಬಾ ಎಂದು ಕರೆದಿದ್ದಳು, ಅದು ನನ್ನನ್ನು ಮುಟ್ಟಲಿಲ್ಲ. ಇದನ್ನು ನೆನೆದರೆ ಎದೆ ಒಡೆಯುತ್ತದೆ. ಅಪ್ಪನೇ ಹೇಗೋ ಕಳಿಸಿದರು ಅನ್ನೋಣವೆಂದರೆ, ಮಾತು ಬಿದ್ದ ಮನುಷ್ಯ ಮಾತಿಲ್ಲದ ಮಗಳ ಫೋನಿಗೆ ಕೈ ಹಾಕಿದರು ಎಂದಾಗುತ್ತದೆ. ಅದರ ಅರ್ಥ, ಆ ಅಮ್ಮ ಎಂದರೆ ಅಪ್ಪ, ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳು ಗುಬ್ಬಿಯ ಬಸ್ಸು ಹತ್ತಬೇಕಿತ್ತು. ಆದರೆ ಆ ಹಿಟ್ಟಿನ ಮೇಲೆ ಬೆರಳ ಗುರುತು ಇರಲಿಲ್ಲವಲ್ಲ. ಇವೆರಡೂ ಅಲ್ಲದಿದ್ದರೆ ಉಳಿಯುವುದು ಯಾವುದು ಎಂದು ನಿಮಗೆ ಗೊತ್ತು. ಟಿಫನ್ ಬಾಕ್ಸ್ ಹಿಡಿದು ಎದ್ದು ಹೋಗುತ್ತಿದ್ದವಳು ನಾನು, ನನ್ನ ಬಾಯಲ್ಲಿ ಅದನ್ನು ಹೇಳಿಸಬೇಡಿ. ಅದೇ ನಿಜವಾಗಿರಲಿ ಎಂದು ಮಾತ್ರ ಎಷ್ಟೋ ದಿನ ಬೇಡಿಕೊಂಡಿದ್ದೇನೆ.

ಅಮ್ಮನಿಗೆ ನಾನು ಮೆಸೇಜಿನ ವಿಷಯ ಹೇಳಿಲ್ಲ. ಅವಳು ಈಗ ನನ್ನ ಜೊತೆ ಕುಣಿಗಲ್ಲಿನಲ್ಲೇ ಇದ್ದಾಳೆ. ಆ ದಿನದ ಮಾತು ಬಂದಾಗಲೆಲ್ಲ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಹೇಳುತ್ತಾಳೆ. "ಅವತ್ತು ನೀನು ನನ್ ಪಕ್ಕ ಕೂತಿರ್ಲಿಲ್ಲ ಅಂದಿದ್ರೆ ನಾನೂ ಹೋಗ್ಬುಡ್ತಿದ್ದೆ ಕಣೇ. ಯಾರೋ ಹೇಳಿ ಕಳ್ಸಿದಂಗೆ ಬಂದೆ." ಆಗ ನನಗೆ, ನಾನು ಸರಿಯಾಗಿಯೇ ಓದಿದೆನೇನೋ, ಭಾಗ್ಯ ಅಮ್ಮ ಎಂದದ್ದು ಅಮ್ಮನನ್ನೇ ಇರಬಹುದು ಅನ್ನಿಸುತ್ತದೆ. ಮಲಗಿದ ಮೇಲೆ ಮತ್ತೆ ಅಪ್ಪ ಸಂಜೆವರೆಗೂ ಜೀವ ಹಿಡಿದುಕೊಂಡು ಬಿದ್ದಿದ್ದ ಆ ನೆಲ ನೆನಪಾಗುತ್ತದೆ.

ಒಮ್ಮೊಮ್ಮೆ ಮನೆಯಲ್ಲಿ ಯಾರೂ ಇಲ್ಲದಾಗ ಕನ್ನಡಿಯ ಮುಂದೆ ನಿಂತು, ಸದ್ದು ಮಾಡದೆ ಅಪ್ಪ ಅನ್ನುತ್ತೇನೆ, ಅಮ್ಮ ಅನ್ನುತ್ತೇನೆ. ನೀವೂ ನೋಡಿ ಬೇಕಾದರೆ. ತುಟಿ ಎರಡಕ್ಕೂ ಒಂದೇ ಥರ ಕೂಡಿಕೊಳ್ಳುತ್ತದೆ, ಒಂದೇ ಥರ ಬಿಡುತ್ತದೆ. ಯಾರನ್ನು ಅಂದದ್ದು ಎಂದು ಕೇಳೋಣವೆಂದರೆ ಹಿಂದೆ ನಿಂತು ಕೈ ತಿರುಗಿಸಿ ನಗಲು ಅವಳಿಲ್ಲ.