ಮನಸ್ಸಿನಲ್ಲೇ ಎತ್ತಿದ ಹೆಸರು

ಕೆಲವು ವಿವರ ತಪ್ಪಿರಬಹುದು. ದೃಷ್ಟಿ ತೆಗೆದದ್ದು ಮಂಗಳವಾರವೆಂದು ನನ್ನ ನೆನಪು. ಡೈರಿಯಲ್ಲಿ ಬುಧವಾರ ಎಂದಿದೆ. ಎಂ.ಎಸ್ಸಿ. ಓದಿದ ನಾನು ದೃಷ್ಟಿ, ಶಾಪಗಳನ್ನು ನಂಬಿದವಳಲ್ಲ.

ಅಣ್ಣನ ಮಗಳು ಗೌರಿಗೆ ಆಗ ಎಂಟು ವರ್ಷ. ಅತ್ತಿಗೆಯ ಒಂದು ಕಿಡ್ನಿಯನ್ನು ಅವಳಿಗೆ ಹಾಕಿಸಿ ಮಧುವನಹಳ್ಳಿಯ ಮನೆಗೆ ಕರೆತಂದಿದ್ದೆವು. ಹೊಸ ಕಿಡ್ನಿ ಉಳಿಯಲೆಂದು ಕೊಡುವ ಮಾತ್ರೆಗಳಿಂದ ಸೋಂಕು ತಡೆಯುವ ಶಕ್ತಿ ಕುಗ್ಗಿರುತ್ತದೆ, ಯಾರನ್ನೂ ಹತ್ತಿರ ಬಿಡಬೇಡಿ ಎಂದಿದ್ದರು ಡಾಕ್ಟರು. ನೋಡಲು ಬಂದ ಮುಳ್ಳೂರಿನ ಚಿಕ್ಕವ್ವನನ್ನು ನಾನೇ ಜಗಲಿಯಲ್ಲಿ ತಡೆದೆ. ನೆಂಟರನ್ನು ಹೊಸ್ತಿಲಾಚೆ ನಿಲ್ಲಿಸುವುದು ನಮ್ಮಲ್ಲಿ ಸಣ್ಣ ಅವಮಾನವಲ್ಲ.

"ಓದ್ದೋರ್ ಮನೆ ಕಣವ್ವಾ, ನಮ್ ಗಾಳಿ ತಾಕುದ್ರೂ ಕರಗೋಯ್ತರೆ" ಎಂದು ನೀರೂ ಕುಡಿಯದೆ ಹೋದಳು.

ಮುಂದಿನ ವಾರ ನಾನು ಕೊಳ್ಳೇಗಾಲದಿಂದ ಮಾತ್ರೆ ತರುವಷ್ಟರಲ್ಲಿ, ಅವ್ವನ ಮಾತು ಮೀರಿ ಒಳಬಂದ ಚಿಕ್ಕವ್ವ ತನ್ನ ಮೊಮ್ಮಗಳನ್ನು ಗೌರಿಯ ಹಾಸಿಗೆಯ ಮೇಲೇ ಕೂರಿಸಿದ್ದಳು. ಮಕ್ಕಳಿಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಎಳೆದು ಇಳಿಸಿದೆ, ಆ ಮಗುವಿನ ಮೈ ಸುಡುತ್ತಿತ್ತು. ಆಮೇಲೆ ಅದರ ಎರಡೂ ಕೆನ್ನೆ ಹೊಡೆಸಿಕೊಂಡಂತೆ ಕೆಂಪಾದವೆಂದು ಕೇಳಿದೆ.

ತಿಂಗಳೊಳಗೆ ಗೌರಿ ಬಿಳಿಚಿಕೊಂಡಳು. ಮೈಸೂರಿನ ಆಸ್ಪತ್ರೆಯಲ್ಲಿ ರಕ್ತ ಕೊಟ್ಟಷ್ಟೂ ಇಳಿಯುತ್ತಿತ್ತು. ಮಕ್ಕಳ ಕೆನ್ನೆ ಕೆಂಪಾಗಿಸುವ ವೈರಸ್ಸೇ ಇವಳ ಮಜ್ಜೆಯಲ್ಲಿ ರಕ್ತ ಹುಟ್ಟದಂತೆ ಮಾಡಿದೆ ಎಂದ ಡಾಕ್ಟರು ಡ್ರಿಪ್ಪಿನಲ್ಲಿ ಔಷಧಿ ಶುರುಮಾಡಿದರು.

ಬಟ್ಟೆ ಒಯ್ಯಲು ಮನೆಗೆ ಬಂದ ಸಂಜೆ ಅವ್ವ, "ಮಗಿನ್ ಲಂಗಕ್ಕಾರೂ ದೃಷ್ಟಿ ತೆಗಿಯವ್ವಾ, ನನ್ ಕೈ ನಡುಗ್ತದೆ" ಎಂದಳು. ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿವಾಳಿಸಿದೆ. ಊರ ಕಣ್ಣು, ಕೇರಿ ಕಣ್ಣು ಎನ್ನಬೇಕಾದಲ್ಲಿ ಮನಸ್ಸಿನಲ್ಲೇ ಚಿಕ್ಕವ್ವನ ಹೆಸರೆತ್ತಿ, ಅವಳ ರಕ್ತವೂ ಹೀಗೇ ಇಂಗಲಿ ಎಂದೆ. ತುಟಿ ಅಲುಗಲಿಲ್ಲ, ಇದೊಂದರಲ್ಲಿ ನನಗೆ ಅನುಮಾನವಿಲ್ಲ. ಒಲೆಗೆ ಹಾಕಿದ ಮೆಣಸಿನಕಾಯಿಯ ಘಾಟೇ ಬರಲಿಲ್ಲ. ದೃಷ್ಟಿ ಇದ್ದರೆ ಹಾಗೇ ಅಂತೆ. ಸುಳ್ಳೇಕೆ, ನನಗೆ ಹಿತವಾಗಿತ್ತು.

ಬೆಳಿಗ್ಗೆ ಚಿಕ್ಕವ್ವನ ಫೋನು ಬಂತು. ಹಿಂದಿನ ಸಂಜೆ ದೀಪ ಹಚ್ಚುವಾಗ ತಲೆ ಸುತ್ತಿ ಬಿದ್ದಳಂತೆ.

"ಒಲೆ ಮುಂದ್ ಕೂತ್ಕಂಡು ನನ್ ಎಸ್ರ ಯಾಕವ್ವಾ ಎತ್ದೆ?"

ಅವ್ವ ಯಾರಿಗೂ ಫೋನು ಮಾಡಿರಲಿಲ್ಲ. ನಾನು ಯಾರ ಹೆಸರು ನೆನೆದೆನೆಂದು ಅವಳಿಗೂ ಗೊತ್ತಿರಲಿಲ್ಲ.

ಗೌರಿಯ ರಕ್ತ ಆ ವಾರದಿಂದ ಇಳಿಯುವುದು ನಿಂತಿತು, ಔಷಧಿಯ ಕೆಲಸ. ಚಿಕ್ಕವ್ವನಿಗೂ ಮೊಮ್ಮಗಳ ವೈರಸ್ಸು ತಗುಲಿರಬಹುದು. ಫೋನಿನಲ್ಲಿ ಅವಳು ಕೇಳಿದ ಪ್ರಶ್ನೆಗೆ ಮಾತ್ರ ನನ್ನಲ್ಲಿ ವಿವರಣೆಯಿಲ್ಲ. ಉತ್ತರಿಸುವ ಬದಲು ನಾನೇ ಕೇಳಿದ್ದೆ:

"ಮಗೀಗೆ ಜ್ವರ ಅಂತ ಗೊತ್ತಿದ್ದೂ ಕರ್ಕಂಡ್ ಬಂದ್ಯಾ, ಚಿಕ್ಕವ್ವ?"

ಆ ಕಡೆ ಫೋನು ಇಟ್ಟ ಸದ್ದಾಯಿತು.