ಕಂಬಳಿ ಹೊದ್ದು ಬಂದ ವಿಡಿಯೊ ಗೇಮ್

ಬೆಳಗಿನ ಜಾವ. ಸಿಯೋಲ್ ನಗರದ ಯೋಂಗ್‌ಸಾನ್ ಎಲೆಕ್ಟ್ರಾನಿಕ್ ಮಾರುಕಟ್ಟೆಯ ಮೂರನೇ ಮಹಡಿಯಲ್ಲಿ ಒಂದೇ ಒಂದು ಅಂಗಡಿಯ ದೀಪ ಉರಿಯುತ್ತಿದೆ. ಶಟರ್ ಅರ್ಧ ಇಳಿದಿದೆ. ಹೊರಗೆ ಮೂಳೆ ಕೊರೆಯುವ ಚಳಿಯಿದ್ದರೂ ಒಳಗೆ ಗಾಳಿ ಬೀಸುವ ಹೀಟರ್ ಹಾಕಿಲ್ಲ. ತಾಕ್ ಗುಮ್‌ಜಾ ಮೂಗು ಬಾಯಿಗೆ ಮಫ್ಲರ್ ಸುತ್ತಿಕೊಂಡು, ವಿಡಿಯೊ ಗೇಮ್ ಪೆಟ್ಟಿಗೆಯೊಂದರ ಬೋರ್ಡಿನ ಮೇಲೆ ಬಾಗಿ ಕೂತಿದ್ದಾರೆ.

"ಗಾಳೀನೇ ನಂಗೆ ಶತ್ರು," ಎನ್ನುತ್ತಾರೆ ತಲೆ ಎತ್ತದೆ. "ಬೆಸುಗೆ ಕರಗೋ ಹೊತ್ತಲ್ಲಿ ಎಲ್ಲಿಂದಾದ್ರೂ ಒಂಚೂರು ತಣ್ಣನೆ ಗಾಳಿ ನುಗ್ತು ಅಂದ್ರೆ ಬೋರ್ಡು ಸೊಟ್ಟಗಾಗೋಯ್ತು. ಮಾರ್ಕೆಟ್ ತೆಗೆದ್ಮೇಲೆ ಜನ ಬಾಗ್ಲು ತೆಗೀತಾರೆ, ಹಾಕ್ತಾರೆ. ಅದಕ್ಕೇ ದೊಡ್ಡ ಚಿಪ್‌ನ ಕೆಲಸ ಏನಿದ್ರೂ ಈಗ್ಲೇ."

ಈ ಚಿಪ್‌ನ ಹೊಟ್ಟೆಯಡಿ ಸಾಸಿವೆಗಿಂತ ಸಣ್ಣ ಬೆಸುಗೆ ಗುಂಡುಗಳು ನೂರಾರು. ಆಡುವಾಗ ಪೆಟ್ಟಿಗೆ ಕಾಯುತ್ತದೆ, ನಿಲ್ಲಿಸಿದರೆ ಆರುತ್ತದೆ. ವರ್ಷಗಟ್ಟಲೆ ಹೀಗೆ ಹಿಗ್ಗಿ ಕುಗ್ಗಿ ಒಂದು ಗುಂಡು ಬಿರುಕು ಬಿಟ್ಟರೂ ಪರದೆ ಕಪ್ಪು. ಗುಮ್‌ಜಾ ಆ ಚಿಪ್ಪನ್ನು ಬಿಸಿಗಾಳಿಯಿಂದ ಎಬ್ಬಿಸಿ, ಹಳೆಯ ಬೆಸುಗೆಯನ್ನೆಲ್ಲ ಕೆರೆದು, ಹೊಸ ಗುಂಡುಗಳನ್ನು ಕೂರಿಸಿ, ಅದನ್ನು ಮತ್ತೆ ಅದರ ಜಾಗಕ್ಕೆ ಇಳಿಸುತ್ತಾರೆ. ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇನ್ನೊಮ್ಮೆ ಎಬ್ಬಿಸಿ ಕೂರಿಸಲು ಹೋದರೆ ಬೋರ್ಡು ತಡೆಯುವುದಿಲ್ಲ.

ಅರವತ್ತು ದಾಟಿರುವ ಗುಮ್‌ಜಾಗೆ ಈ ಕೈ ಬಂದದ್ದು ದಕ್ಷಿಣದ ಮಾಸಾನ್‌ನ ರೇಡಿಯೊ ಕಾರ್ಖಾನೆಯಲ್ಲಿ. ಜಡೆ ಹಾಕುವ ವಯಸ್ಸಿಗೆ ಅಲ್ಲಿ ಸಾಲಿನಲ್ಲಿ ಕೂತು ಬೆಸುಗೆ ಹಾಕಿದವರು. ಮೇಸ್ತ್ರಿಗಳು ಹುಡುಗಿಯರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ನಂಬರ್ ಕೂಗುತ್ತಿದ್ದರು. ಹೊಗೆಗೆ ಮೂಗಲ್ಲಿ ರಕ್ತ ಬಂದರೆ ಹತ್ತಿ ತುರುಕಿಕೊಂಡು ಮತ್ತೆ ಕೂರಬೇಕು. ಒಂದು ಬೆಳಿಗ್ಗೆ ಬುತ್ತಿ ಹಿಡಿದು ಹೋದರೆ ಗೇಟಿಗೆ ಬೀಗ! ಕಾರ್ಖಾನೆಯನ್ನು ರಾತ್ರೋರಾತ್ರಿ ಬೇರೆ ದೇಶಕ್ಕೆ ಸಾಗಿಸಿದ್ದರು. "ಅವತ್ತು ನಾವ್ಯಾರೂ ಅಳ್ಲಿಲ್ಲ. ಗೇಟ್ ಮುಂದೇನೇ ಬುತ್ತಿ ಬಿಚ್ಕೊಂಡು ಉಂಡ್ವಿ. ಇನ್ನೇನ್ ಮಾಡ್ಬೇಕೋ ಯಾರಿಗೂ ಹೊಳೀಲಿಲ್ಲ."

ಯೋಂಗ್‌ಸಾನ್‌ಗೆ ಬಂದು ಅರ್ಧ ಆಯಸ್ಸು ಕಳೆದರೂ ಗಿರಾಕಿಗಳು ಇವತ್ತಿಗೂ ಅವರ ತಲೆಯ ಮೇಲಿಂದ ಒಳಗೆ ಇಣುಕುತ್ತಾರೆ. "ಚಿಕ್ಕಮ್ಮಾ, ರಿಪೇರಿ ಮಾಡೋರು ಇಲ್ವಾ?" "ಇದ್ದಾರೆ, ಬಾರ್ಲಿ ನೀರು ಕುಡೀತಿದ್ದಾರೆ, ಕೂತ್ಕೊಳಪ್ಪ," ಎಂದು ಗುಮ್‌ಜಾ ತಮ್ಮ ಲೋಟ ಖಾಲಿ ಮಾಡಿ, ಕೈ ಒರೆಸಿಕೊಂಡು ಸ್ಕ್ರೂ ಬಿಚ್ಚತೊಡಗುತ್ತಾರೆ.

ಬಿಚ್ಚಿದಾಗ ಕಾಣುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಜಿರಳೆಯ ಸಂಸಾರಗಳು. ಕಿಮ್ಚಿ ಉಪ್ಪಿನಕಾಯಿಯ ರಸ ಸೋರಿ ಒಣಗಿದ ಕೆಂಪು ಗೆರೆಗಳು. ಬೆಸುಗೆ ತಾನಾಗಿ ಕೂಡಿಕೊಳ್ಳಲಿ ಎಂದು ಯಾರೋ ಮಹಾರಾಯ ಬೋರ್ಡನ್ನು ಸಿಹಿಗೆಣಸಿನ ಜೊತೆ ಓವನ್ನಿಗೆ ಹಾಕಿದ್ದನಂತೆ. "ಬೋರ್ಡು ಸತ್ತಿತ್ತು. ಗೆಣಸು ಹೆಂಗಿತ್ತೋ ಕೇಳ್ಲಿಲ್ಲ," ಎನ್ನುತ್ತಾರೆ. ಇಷ್ಟೆಲ್ಲ ಕಂಡ ಹೆಂಗಸನ್ನೂ ಬೆಚ್ಚಿಬೀಳಿಸಿದ ಪೆಟ್ಟಿಗೆಯೇ ಈಗ ಮೇಜಿನ ಮೇಲಿರುವುದು.

ಅದು ಬಂದದ್ದು ಈ ವಾರದ ಮೊದಲಲ್ಲಿ, ತುಂಬಿದ ಮಾರುಕಟ್ಟೆಯ ಹೊತ್ತಲ್ಲಿ. ಬೆನ್ನು ಬಾಗಿದ ಅಜ್ಜಿಯೊಬ್ಬರು ಎಳೆಗೂಸನ್ನು ಕಟ್ಟಿಕೊಳ್ಳುವಂತೆ ಎದೆಗೆ ಗಂಟೊಂದನ್ನು ಕಟ್ಟಿಕೊಂಡು ಓಡೋಡಿ ಬಂದರು. ಮೇಲೆ ಹೂವಿನ ಕಂಬಳಿ.

"ಬಾಗ್ಲಾಕವ್ವ ಮೊದ್ಲು! ತಣ್ಣಗಾದ್ರೆ ಪ್ರಾಣ ಹೊಂಟೋಯ್ತದೆ!"

ಗುಮ್‌ಜಾ ಎದ್ದು ಬಾಗಿಲು ಹಾಕಿದರು. ಮಗುವೋ, ನಾಯಿಮರಿಯೋ ಎಂದುಕೊಂಡು ಕಂಬಳಿ ಬಿಚ್ಚಿದರೆ ಒಳಗೆ ಬಿಸಿನೀರಿನ ಚೀಲ. ಅದರ ಮೇಲೆ ವಿಡಿಯೊ ಗೇಮ್ ಪೆಟ್ಟಿಗೆ. ಅದರ ಪ್ಲಾಸ್ಟಿಕ್ ತಳ ಹಪ್ಪಳದಂತೆ ಸೊಟ್ಟಗಾಗಿತ್ತು!

"ಅಜ್ಜಿ, ಏನ್ ಮಾಡಿದ್ರಿ ಇದಕ್ಕೆ?"

"ನಾನೇನ್ ಮಾಡ್ಲವ್ವ, ಬೆಚ್ಚಗಿಟ್ಟಿದ್ದೆ. ತಣ್ಣಗಿದ್ರೆ ಹತ್ತೋದೇ ಇಲ್ಲ. ಬೆಚ್ಚಗಿದ್ರೆ ಹತ್ಕತದೆ."

ತಡವಾಗಿ ಮನೆಗೆ ಬರುವವರ ಅನ್ನದ ಬಟ್ಟಲನ್ನು ಇಲ್ಲಿ ಚಳಿಗೆಂದು ಕೆಳಗಿನಿಂದ ಕಾಯಿಸುವ ಮನೆಯ ನೆಲದ ಅತಿ ಬಿಸಿ ಮೂಲೆಯಲ್ಲಿ, ಹಾಸಿಗೆ ಬಟ್ಟೆಯಡಿ ಮುಚ್ಚಿಡುತ್ತಾರಲ್ಲ, ಅಲ್ಲಿ ಅಜ್ಜಿ ಈ ಚಳಿಗಾಲವೆಲ್ಲ ಪೆಟ್ಟಿಗೆಯನ್ನು ಮಲಗಿಸಿದ್ದರು. ಬಿರುಕು ಬಿಟ್ಟ ಬೆಸುಗೆ ಬಿಸಿಗೆ ಹಿಗ್ಗಿ ಕೂಡಿಕೊಳ್ಳುತ್ತಿತ್ತು, ಆಟ ಹತ್ತುತ್ತಿತ್ತು. ಬಿರುಕು ಮಾತ್ರ ದಿನದಿನಕ್ಕೆ ಬೆಳೆಯುತ್ತಿತ್ತು. ಕೊನೆಗೆ ಎಷ್ಟು ಕಂಬಳಿ ಹೊದಿಸಿದರೂ ಹತ್ತದಾಯಿತು.

"ಮೊಮ್ಮಗಂದಾ ಅಜ್ಜಿ? ಹೊಸದು ಕೊಡಿಸ್ಬಿಡಿ. ಇದು ಕೈ ಮೀರಿ ಹೋಗಿದೆ."

"ಮೊಮ್ಮಗಂದಲ್ಲ ಕಣವ್ವ, ನಮ್ದು. ನಂದೂ ನಮ್ಮನೆಯವ್ರುದೂ."

ಅಜ್ಜಿಯ ಹೆಸರು ಯಾಂಗ್ ಸುನ್‌ನಿಮ್. ಗಂಡ ಮಾ ಡೊಕ್‌ಬೆ ದಕ್ಷಿಣ ಕರಾವಳಿಯಲ್ಲಿ ಮೀನಿನ ದೋಣಿ ನಡೆಸಿದವರು. ದೋಣಿ ಮಾರಿ ಮಗನ ಊರಿಗೆ ಬಂದ ಮೇಲೆ ಹೊತ್ತು ಹೋಗದ ಅಪ್ಪನಿಗೆ ಮಗ ಮೀನು ಹಿಡಿಯುವ ಆಟ ತಂದುಕೊಟ್ಟ. ಪರದೆಯ ಮೇಲೊಂದು ಕಡಲ ದಂಡೆ, ಒಂದು ಮನೆ, ಹಳದಿ ಟೋಪಿಯ ಹೆಂಗಸು. ಆ ಹೆಂಗಸನ್ನು ಆಡಿಸುವವರು ಸುನ್‌ನಿಮ್ ಅಜ್ಜಿ. ಮುದುಕ ಮುದುಕಿ ದಿನಾ ಸಂಜೆ ಅಲ್ಲಿ ಗಾಳ ಹಾಕುತ್ತಿದ್ದರು. ಆಮೇಲೆ ತಾತನಿಗೆ ಮರೆವಿನ ಕಾಯಿಲೆ ಹಿಡಿಯಿತು.

"ಮನೇಲಿ ನಾನ್ ಎದುರಿಗೆ ನಿಂತ್ರೆ, 'ಯಾರ್ರೀ ನೀವು? ನನ್ ಹೆಂಡ್ತಿ ಮನೇಲಿಲ್ಲ, ಆಮೇಲೆ ಬನ್ನಿ' ಅಂತಾರೆ," ಎಂದರು ಅಜ್ಜಿ. "ಆಟದಲ್ಲಿ ಹಳದಿ ಟೋಪಿ ಕಂಡ್ರೆ ಮಾತ್ರ, 'ಬಂದ್ಯೇನೇ ಸುನ್‌ನಿಮಿ' ಅಂತಾರೆ. ಮಗ ಹೊಸಾದು ತಂದ್ಕೊಟ್ಟ. ಅದ್ರಲ್ಲಿ ನಮ್ ಮನೆ ಇಲ್ಲ, ಕಡ್ಲೂ ಬೇರೆ. 'ಇದು ನಮ್ಮೂರಲ್ಲ' ಅಂತ ಮೊಕ ತಿರುಗಿಸ್ಕಂಡ್ಬುಟ್ರು."

ಗುಮ್‌ಜಾ ಪೆಟ್ಟಿಗೆಯನ್ನು ಮತ್ತೆ ತಮ್ಮತ್ತ ಎಳೆದುಕೊಂಡರು. ಒಬ್ಬ ಹೆಂಗಸು ತನ್ನ ಗಂಡನಿಗೆ ಹೆಂಡತಿಯಾಗಿ ಉಳಿದಿರುವ ಜಾಗ ಜಗತ್ತಿನಲ್ಲಿ ಇದೊಂದೇ, ಅದೂ ಸೊಟ್ಟಗಾದ ಪ್ಲಾಸ್ಟಿಕ್ ಡಬ್ಬಿಯೊಳಗೆ! ಆಟದ ನೆನಪೆಲ್ಲ ಆ ಬೋರ್ಡಿನ ಮೇಲೆಯೇ ಇತ್ತು. ಬೋರ್ಡು ಹೋದರೆ ಆ ಊರೂ ಹೋದಂತೆ.

ಪಕ್ಕದ ಅಂಗಡಿಯ ಬೋಂಗ್‌ಸಿಕ್ ಬೋರ್ಡು ನೋಡಿ ತಲೆ ಆಡಿಸಿದ. "ಅಕ್ಕಾ, ಚಿಪ್ ಎತ್ತೋ ಉಸಾಬರಿ ಬೇಡ. ಡೊಂಕು ಬೋರ್ಡು, ಎತ್ತಿದ ತಕ್ಷಣ ಕಿತ್ಕೊಂಡ್ ಬರುತ್ತೆ. ಮೇಲಿಂದ ಒಂಚೂರು ಬಿಸಿ ತೋರ್ಸಿ ಕಳ್ಸು. ಒಂದೆರಡು ತಿಂಗ್ಳು ಓಡುತ್ತೆ. ಎಲ್ರೂ ಮಾಡೋದು ಅದನ್ನೇ."

"ಅಜ್ಜಿ ಕಂಬಳಿ ಹೊದಿಸಿದ್ದಕ್ಕೂ ನೀನು ಹೇಳೋದಕ್ಕೂ ಏನೋ ವ್ಯತ್ಯಾಸ?" ಎಂದು ಗುಮ್‌ಜಾ ರೇಗಿದರು. "ಎರಡು ತಿಂಗ್ಳಾದ್ಮೇಲೆ ಮತ್ತೆ ಕಪ್ಪಾದ್ರೆ ಆ ತಾತಂಗೆ ಯಾರೋ ಹೇಳೋರು?"

"ಹೇಳಿದ್ರೂ ಮರೀತಾರಲ್ಲ."

"ಎದ್ದು ಹೋಗು ಆಚೆ!"

ಅದಕ್ಕೇ ಈ ಜಾವದಲ್ಲಿ ಕೂತಿರುವುದು. ಡೊಂಕು ಬೋರ್ಡನ್ನು ಎರಡು ದಿನ ಭಾರ ಹೇರಿ ನಿಧಾನಕ್ಕೆ ನೇರ ಮಾಡಿದ್ದಾರೆ. ಈಗ ಕೆಳಗಿನಿಂದ ಹದವಾದ ಬಿಸಿ, ಮೇಲಿನಿಂದ ಬಿಸಿಗಾಳಿ. ಗುಮ್‌ಜಾ ಚಿಮಟದ ತುದಿಯಿಂದ ಚಿಪ್‌ನ ಮೂಲೆಯನ್ನು ಮುಟ್ಟಿ ನೋಡುತ್ತಾರೆ. ಅಲುಗುವುದಿಲ್ಲ. ಮತ್ತೆ ಕಾಯುತ್ತಾರೆ. ಇನ್ನೊಮ್ಮೆ ಮುಟ್ಟಿದಾಗ ಚಿಪ್ ಎಣ್ಣೆಯ ಮೇಲಿದ್ದಂತೆ ತುಸು ಜಾರುತ್ತದೆ. ಎತ್ತುತ್ತಾರೆ. ಒಂದು ಮೂಲೆಯಲ್ಲಿ ಬೋರ್ಡಿನ ತಾಮ್ರವೇ ಸಿಪ್ಪೆಯಂತೆ ಕಿತ್ತು ಬಂದಿದೆ!

"ಅಯ್ಯೋ ದೇವ್ರೇ," ಎಂದು ಗುಮ್‌ಜಾ ಹಣೆ ಹಿಡಿದುಕೊಂಡು ಕೂತುಬಿಡುತ್ತಾರೆ. ಮಫ್ಲರ್ ಜಾರಿದರೂ ಎತ್ತಿಕೊಳ್ಳುವುದಿಲ್ಲ. ಆಮೇಲೆ ಕೂದಲಿಗಿಂತ ಸಣ್ಣ ತಂತಿಯೊಂದನ್ನು ಕತ್ತರಿಸಿ, ಸೂಕ್ಷ್ಮದರ್ಶಕದಡಿ, ಕಿತ್ತುಹೋದ ತಾಮ್ರದ ದಾರಿಗಳನ್ನು ಒಂದೊಂದಾಗಿ ಜೋಡಿಸತೊಡಗುತ್ತಾರೆ. ಮಾರುಕಟ್ಟೆ ತೆರೆಯುತ್ತದೆ. ಜನ ಬರುತ್ತಾರೆ. ಶಟರ್ ಮಾತ್ರ ಮೇಲೇಳುವುದಿಲ್ಲ. ಊಟದ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ತರುವ ಹೆಂಗಸು ಬಾಗಿಲಲ್ಲಿಟ್ಟು ಹೋದ ಸೋಯಾ ಸಾರು ಆರಿ ತಣ್ಣಗಾಗುತ್ತದೆ. ಮಾರನೆಯ ಜಾವ ಹೊಸ ಗುಂಡುಗಳ ಮೇಲೆ ಚಿಪ್ ಇಳಿಯುತ್ತದೆ.

ಮಧ್ಯಾಹ್ನ ಅಜ್ಜಿ ತಾತನನ್ನು ಕೈಹಿಡಿದು ಕರೆತರುತ್ತಾರೆ. ನೆಟ್ಟನೆಯ ಆಳು, ತಲೆತುಂಬ ಬೆಳ್ಳಿ ಕೂದಲು. ಬಂದವರೇ ಗುಮ್‌ಜಾ ಹತ್ತಿರ ಬಾಗಿ ಪಿಸುಗುಡುತ್ತಾರೆ: "ಮೇಡಂ, ಈಯಮ್ಮ ಯಾರೋ ಗೊತ್ತಿಲ್ಲ. ಎಲ್ಲೆಲ್ಲೋ ಕರ್ಕಂಡ್ ಬಂದವ್ರೆ. ನಮ್ಮನೆಗೊಂದು ಫೋನ್ ಮಾಡಿ." ಅಜ್ಜಿ ಕೇಳಿಯೂ ಕೇಳದವರಂತೆ ಅವರ ಕೋಟಿನ ಗುಂಡಿ ಹಾಕುತ್ತಾರೆ.

ಗುಮ್‌ಜಾ ಸ್ವಿಚ್ ಒತ್ತುತ್ತಾರೆ. ಪರದೆ ಕಪ್ಪು. ಬೋಂಗ್‌ಸಿಕ್ ಕೂಡ ಬಾಗಿಲಿಗೆ ಬಂದು ಇಣುಕುತ್ತಿದ್ದಾನೆ. ಆಮೇಲೆ ಮೂಲೆಯಲ್ಲೊಂದು ಬೆಳಕು, ಅಲೆಯ ಸದ್ದು, ಕಡಲ ದಂಡೆ. ತಾತನ ಕೈಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಗಾಳ ನೀರಿಗೆ ಬೀಳುತ್ತದೆ. ಅಜ್ಜಿ ಇನ್ನೊಂದು ರಿಮೋಟಿನ ಗುಂಡಿ ಒತ್ತಿದರೆ, ಮನೆಯ ಬಾಗಿಲು ತೆರೆದು ಹಳದಿ ಟೋಪಿ ಹೊರಗೆ ಬರುತ್ತದೆ.

"ಎಲ್ಲಿ ಹಾಳಾಗ್ಹೋಗಿದ್ಯೇ ಇಷ್ಟ್ ದಿನ?" ತಾತ ಪರದೆಗೆ ಗದರುತ್ತಾರೆ.

"ಇಲ್ಲೇ ಇದ್ನಲ್ಲ," ಎನ್ನುತ್ತಾರೆ ಪಕ್ಕದಲ್ಲಿ ಕೂತ ಅಜ್ಜಿ, ಪರದೆಯನ್ನೇ ನೋಡುತ್ತ.

"ಹತ್ರ ಬಾ. ಒಂದ್ ಇಸ್ಯ ಹೇಳ್ತೀನಿ, ಸಿಟ್ಟು ಮಾಡ್ಕಬಾರ್ದು."

"ಹೇಳಿ."

"ಮನೇಲಿ ಯಾರೋ ಒಬ್ಳು ಮುದುಕಿ ಸೇರ್ಕಂಡವ್ಳೆ ಕಣೇ. ನಾನೇನೂ ಕರೀಲಿಲ್ಲ. ಪಾಪ, ಒಳ್ಳೇಳು. ಮೀನಿನ ಮುಳ್ಳು ಬಿಡಿಸಿ ಅನ್ನದ ಮೇಲೆ ಇಟ್ಕೊಡ್ತಾಳೆ. ಒಬ್ಳೇ ಕೂತು ಅಳ್ತಾಳೆ. ನೀ ಬಂದ್ಮೇಲೆ ಓಡಿಸ್ಬುಟ್ಟೀಯ, ಜೋಕೆ."

ಹಳದಿ ಟೋಪಿ ಒಂದು ಗಳಿಗೆ ಅಲುಗದೆ, ಆಮೇಲೆ ಅವರ ಪಕ್ಕಕ್ಕೆ ಬಂದು ಗಾಳ ಹಾಕುತ್ತದೆ.

"ಓಡಿಸಾಕಿಲ್ಲ ಬುಡಿ," ಎನ್ನುತ್ತಾರೆ ಅಜ್ಜಿ. "ಎಲ್ಲಿಗ್ ಹೋದಾಳು ಪಾಪ. ಇರ್ಲಿ."

ಅವರು ಹೋದ ಎಷ್ಟೋ ಹೊತ್ತಿನ ಮೇಲೂ ಗುಮ್‌ಜಾ ಮುಂದಿನ ಪೆಟ್ಟಿಗೆಗೆ ಕೈ ಹಾಕಿಲ್ಲ. ಇಷ್ಟು ವರ್ಷ ದುಡಿದ ಮೇಲೆ ಇನ್ನೇನಾದರೂ ಆಸೆಯಿದೆಯೇ ಎಂದರೆ ಮೊದಲು ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ, ಬೆಸುಗೆಯ ಕಲೆ ಹಿಡಿದ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಾರೆ.

"ನಾನ್ ಹಾಕಿದ ಬೆಸುಗೆ ಆ ತಾತನಿಗಿಂತ ಒಂದೇ ಒಂದು ದಿನ ಜಾಸ್ತಿ ಬಾಳ್ಲಿ. ನಂಗಷ್ಟೇ ಸಾಕು."